ಎರಡು ಕಂಪನಿಗಳಿದ್ದರೆ ಸ್ಪರ್ಧೆ ಇದ್ದಂತೆಯೇ? ಚಿಪ್ ಮಾರುಕಟ್ಟೆಯ ಬಗ್ಗೆ ಒಂದು ಪ್ರಶ್ನೆ

ತಿಲಕವಾಡಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಸೆಮಿನಾರಿಗೆ ‘ಮಾರುಕಟ್ಟೆಯ ಮೇಲಿನ ಹಿಡಿತ’ ಎಂಬ ವಿಷಯ ಕೊಟ್ಟಿದ್ದಾರೆ. ಸಿಮೆಂಟು, ವಿಮಾನ, ಟೆಲಿಕಾಂ ಎಲ್ಲ ಗೆಳತಿಯರ ಪಾಲಾಗಿ ನನಗೆ ಕಂಪ್ಯೂಟರ್ ಮತ್ತು ಮೊಬೈಲ್ ಚಿಪ್ ಉಳಿದಿದೆ. ಪಠ್ಯಪುಸ್ತಕದ ಪ್ರಕಾರ ಎದುರಾಳಿ ಇದ್ದರೆ ಬೆಲೆ ಇಳಿಯಬೇಕು, ಗುಣಮಟ್ಟ ಏರಬೇಕು. ಕಂಪ್ಯೂಟರಿನಲ್ಲಿ ಇಂಟೆಲ್ ಇದೆ, ಎಎಂಡಿ ಇದೆ. ಮೊಬೈಲಿನಲ್ಲಿ ಕ್ವಾಲ್ಕಾಮ್ ಮತ್ತು ಮೀಡಿಯಾಟೆಕ್ ಇವೆ. ಹಾಗಿದ್ದ ಮೇಲೆ ಏಕಸ್ವಾಮ್ಯದ ದೂರು ಏಕೆ? ಮೂರನೆಯವರು ಏಕೆ ಬರುವುದಿಲ್ಲ? ಹುಡುಕಿದರೆ ‘ಯಾವುದು ವೇಗ’ ಎಂಬ ಜಗಳವೇ ಸಿಗುತ್ತದೆ. ನನಗೆ ಬೇಕಾದದ್ದು ಅದಲ್ಲ.

ಗಣಪತಿ ಗಲ್ಲಿ ಅಂಗಡಿಕಾರ

ತಂಗಿ, ಪುಸ್ತಕದ ಮಾತನ್ನು ಮಾಸ್ತರರು ಹೇಳಲಿ, ನಾನು ಕೌಂಟರಿನ ಮಾತು ಹೇಳುತ್ತೇನೆ. ಇಂಟೆಲ್ ಪೆಂಟಿಯಂ ಚಿಪ್ಪಿನ ಕಾಲದಿಂದ ಈ ವ್ಯಾಪಾರದಲ್ಲಿದ್ದೇನೆ. 2000ನೇ ಇಸವಿಯ ಮಾರ್ಚ್‌ನಲ್ಲಿ ಒಂದು ಗಿಗಾಹರ್ಟ್ಸ್ (ಚಿಪ್ಪಿನ ಓಟದ ಅಳತೆ) ಗಡಿಯನ್ನು ಮೊದಲು ಮುಟ್ಟಿದ್ದು ಎಎಂಡಿಯ ಅಥ್ಲಾನ್.  ಆದರೂ ಗ್ರಾಹಕರು ‘ಅದು ಬಹಳ ಬಿಸಿಯಾಗುತ್ತದೆಯಂತೆ, ಬೇಡ’ ಎನ್ನುತ್ತಿದ್ದರು.

ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆ ಕಾಲದ ಅಥ್ಲಾನಿನ ಮೇಲೆ ಲೋಹದ ಮುಚ್ಚಳ ಇರಲಿಲ್ಲ. ನಡುವೆ ಉಗುರಿನಷ್ಟು ಸಿಲಿಕಾನ್ ಬರಿಮೈಯಲ್ಲಿ ಕೂತಿರುತ್ತಿತ್ತು. ಹೀಟ್‌ಸಿಂಕಿನ (ಬಿಸಿ ಹೀರುವ ಲೋಹದ ತುಂಡಿನ) ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸುವಾಗ ಕೈ ಕೊಂಚ ಓರೆಯಾದರೆ ಮೂಲೆ ಚಕ್ಕೆ ಎದ್ದು ಸಾವಿರಾರು ರೂಪಾಯಿ ಕಸದ ಬುಟ್ಟಿಗೆ ಹೋಗುತ್ತಿತ್ತು. ಹೀಟ್‌ಸಿಂಕ್ ಕಳಚಿಕೊಂಡರೆ ಚಿಪ್ ಸುಟ್ಟೇ ಹೋಗುತ್ತಿತ್ತು. ಪೆಂಟಿಯಂ 4 ಮಾತ್ರ ತಾನೇ ವೇಗ ತಗ್ಗಿಸಿಕೊಂಡು ಬದುಕುತ್ತಿತ್ತು. ಹೀಗಾಗಿ ಅಂಗಡಿಯವರಿಗೂ ಅದನ್ನು ಮಾರಲು ಅಂಜಿಕೆ. 2003ರಲ್ಲಿ ಅಥ್ಲಾನ್ 64 ಮುಚ್ಚಳ ಹಾಕಿಕೊಂಡೇ ಬಂದಿತು, ತಣ್ಣಗೂ ಓಡಿತು. ಆದರೆ ಊರಿನ ಬಾಯಿಗೆ ಮುಚ್ಚಳ ಇರಲಿಲ್ಲ.

ಇನ್ನೊಂದು ಕಾರಣ ಜಾಹೀರಾತು. 1991ರಿಂದ ‘ಇಂಟೆಲ್ ಇನ್‌ಸೈಡ್’ ಎಂಬ ಲಾಂಛನವನ್ನು ತಮ್ಮ ಜಾಹೀರಾತಿನಲ್ಲಿ ಹಾಕಿಕೊಳ್ಳುವ ಕಂಪ್ಯೂಟರ್ ಕಂಪನಿಗಳಿಗೆ ಖರ್ಚಿನ ಒಂದು ಪಾಲನ್ನು ಇಂಟೆಲ್ ಕೊಡುತ್ತಿತ್ತು. ಒಳಗಿನ ಬಿಡಿಭಾಗದ ಹೆಸರನ್ನು ಗ್ರಾಹಕನೇ ಕೇಳುವಂತೆ ಮಾಡಿದ್ದು ಅದೇ. ಫ್ರಿಜ್ಜಿನ ಕಂಪ್ರೆಸರ್ ಯಾರದೆಂದು ನನ್ನ ಅಂಗಡಿಯ ಪಕ್ಕದವರನ್ನು ಇಂದಿಗೂ ಯಾರೂ ಕೇಳುವುದಿಲ್ಲ.

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ

‘ಮೂರನೆಯವರು ಏಕಿಲ್ಲ’ ಎಂಬ ಪ್ರಶ್ನೆಗೆ ಮೊದಲು ಎರಡನೆಯವರು ಹೇಗೆ ಬಂದರು ಎಂದು ನೋಡಬೇಕು. ಐಬಿಎಂ 1981ರಲ್ಲಿ ತನ್ನ ಪಿಸಿಗೆ ಇಂಟೆಲ್‌ನ 8088 ಚಿಪ್ಪನ್ನು ಆರಿಸಿಕೊಂಡಿತು. ಒಬ್ಬನೇ ಮಾರಾಟಗಾರನನ್ನು ನಂಬಿ ಕೂರಲು ಅದು ಸಿದ್ಧವಿರಲಿಲ್ಲ. ಅದೇ ಚಿಪ್ಪನ್ನು ಮಾಡುವ ಇನ್ನೊಬ್ಬರು ಬೇಕೆಂದು ಹಟ ಹಿಡಿಯಿತು. 1982ರಲ್ಲಿ ಇಂಟೆಲ್ ಮತ್ತು ಎಎಂಡಿ ನಡುವೆ ತಂತ್ರಜ್ಞಾನ ಹಂಚಿಕೆಯ ಒಪ್ಪಂದ ಆದದ್ದು ಆ ಒತ್ತಡದಲ್ಲಿ. ಅಂದರೆ ಇಲ್ಲಿ ಸ್ಪರ್ಧೆ ಹುಟ್ಟಿಸಿದ್ದು ಮಾರುವವರಲ್ಲ, ಕೊಳ್ಳುವವರು. ಸೆಮಿನಾರಿನಲ್ಲಿ ಇದನ್ನು ಮೊದಲ ಪುಟದಲ್ಲೇ ಬರೆಯಮ್ಮ.

ವ್ಯಾಪಾರ ಕುದುರಿದ ಮೇಲೆ ಇಂಟೆಲ್ 386 ಚಿಪ್ಪಿನ ವಿನ್ಯಾಸ ಕೊಡಲು ಒಪ್ಪಲಿಲ್ಲ. ಎಎಂಡಿ ತಾನೇ ತಲೆಕೆಡಿಸಿಕೊಂಡು 1991ರಲ್ಲಿ ಎಎಂ386 ತಂದಿತು. ಕೋರ್ಟು ಕಚೇರಿ ಮುಗಿದದ್ದು 1995ರಲ್ಲಿ. ಆಮೇಲೆ ತಮಾಷೆ ನೋಡಿ: ಇಂಟೆಲ್‌ನ ಹಳೆಯ ಆದೇಶಗಳ ಗುಂಪಿಗೆ (ಚಿಪ್ಪಿಗೆ ಅರ್ಥವಾಗುವ ಭಾಷೆ ಎನ್ನಿ) 64 ಬಿಟ್ ವಿಸ್ತರಣೆ ಮಾಡಿದ್ದು ಎಎಂಡಿ, 2003ರಲ್ಲಿ. ಮರುವರ್ಷ ಇಂಟೆಲ್ ಅದನ್ನೇ ಅಳವಡಿಸಿಕೊಂಡಿತು. ಇಂದಿನ ಬಹುತೇಕ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಈ ಭಾಷೆಯ ಹಳೆಯ ಅರ್ಧ ಒಬ್ಬರದು, ಹೊಸ ಅರ್ಧ ಇನ್ನೊಬ್ಬರದು. ಪರಸ್ಪರ ಪರವಾನಗಿ ಮಾಡಿಕೊಂಡು ಇಬ್ಬರೂ ನಡೆಸುತ್ತಿದ್ದಾರೆ. ಮೂರನೆಯವನು ಬರಬೇಕೆಂದರೆ ಇಬ್ಬರ ಮನೆಯ ಮುಂದೆಯೂ ನಿಲ್ಲಬೇಕು. (ಎಂಜಿನಿಯರಿಂಗ್ ಮಕ್ಕಳು ಈ ಆದೇಶಗಳ ಗುಂಪನ್ನು ‘ಎಕ್ಸ್86’ ಎನ್ನುತ್ತಾರೆ.)

ತಿಲಕವಾಡಿ ವಿದ್ಯಾರ್ಥಿನಿ

ಧನ್ಯವಾದ ಸರ್. ಯುರೋಪಿನಲ್ಲಿ ಇಂಟೆಲ್‌ಗೆ ದೊಡ್ಡ ದಂಡ ಬಿದ್ದಿತ್ತಲ್ಲವೇ? ಅದು ಯಾವುದಕ್ಕೆ?

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ

2009ರ ಮೇ ತಿಂಗಳಲ್ಲಿ ಯುರೋಪಿಯನ್ ಆಯೋಗ ಹಾಕಿದ್ದು, 106 ಕೋಟಿ ಯೂರೊ. ಕಂಪ್ಯೂಟರ್ ತಯಾರಕರು ತಮ್ಮ ಚಿಪ್‌ಗಳನ್ನು ಪೂರ್ತಿಯಾಗಿ ಅಥವಾ ಬಹುತೇಕ ಇಂಟೆಲ್‌ನಿಂದಲೇ ಕೊಂಡರೆ ರಿಯಾಯಿತಿ ಕೊಟ್ಟದ್ದು ಒಂದು ಆರೋಪ. ಎಎಂಡಿ ಚಿಪ್ ಇರುವ ಕಂಪ್ಯೂಟರುಗಳನ್ನು ತಡಮಾಡಿ ತನ್ನಿ ಅಥವಾ ತರಲೇಬೇಡಿ ಎಂದು ಹಣ ಕೊಟ್ಟದ್ದು ಇನ್ನೊಂದು. ಅದೇ ವರ್ಷದ ನವೆಂಬರಿನಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ಎಎಂಡಿ ಜೊತೆ ರಾಜಿ ಮಾಡಿಕೊಂಡಿತು.

ಹಣದ ಪ್ರಮಾಣ ತಿಳಿಯಬೇಕೆಂದರೆ ಡೆಲ್ ಕಂಪನಿಯನ್ನು ನೋಡಬೇಕು. 2006ರವರೆಗೆ ಅದು ಎಎಂಡಿ ಚಿಪ್ ಮುಟ್ಟಿರಲಿಲ್ಲ. 2010ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಹೊರಗೆಡವಿದ ಲೆಕ್ಕದಂತೆ, ಒಂದು ತ್ರೈಮಾಸಿಕದಲ್ಲಿ ಇಂಟೆಲ್‌ನಿಂದ ಡೆಲ್‌ಗೆ ಬಂದ ಹಣ ಅದರ ಕಾರ್ಯಾಚರಣೆಯ ಲಾಭದ ಶೇ 76ರಷ್ಟಿತ್ತು. ಕಂಪ್ಯೂಟರ್ ಮಾರಿ ಬಂದ ಲಾಭ ಎಷ್ಟು, ಎದುರಾಳಿಯ ಚಿಪ್ ಕೊಳ್ಳದೆ ಇದ್ದದ್ದಕ್ಕೆ ಬಂದದ್ದು ಎಷ್ಟು, ನೀವೇ ಎಣಿಸಿಕೊಳ್ಳಿ.

ಉದ್ಯಮಬಾಗ ಎರಕದವನು

ಮಾಸ್ತರರೇ, ಒಂದು ತಕರಾರು. ಹೆಚ್ಚು ಮಾಲು ಎತ್ತುವವನಿಗೆ ಕಡಿಮೆ ದರ ಎನ್ನುವುದು ವ್ಯಾಪಾರದ ಮೊದಲ ನಿಯಮ. ನಾನೂ ಕೊಡುತ್ತೇನೆ. ಅದಕ್ಕೆ ದಂಡ ಹಾಕುವುದಾದರೆ ನಮ್ಮ ಉದ್ಯಮಬಾಗದ ಫೌಂಡ್ರಿಯವರಲ್ಲಿ ಒಬ್ಬರೂ ದಂಡ ತಪ್ಪಿಸಿಕೊಳ್ಳುವುದಿಲ್ಲ.

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ

ಹೆಚ್ಚು ಎತ್ತಿದ್ದಕ್ಕೆ ಕೊಡಿ, ಯಾರೂ ಕೇಳುವುದಿಲ್ಲ. ‘ಪಕ್ಕದ ಫೌಂಡ್ರಿಗೆ ಒಂದು ಆರ್ಡರನ್ನೂ ಕೊಡಬಾರದು’ ಎಂಬ ಷರತ್ತಿನ ಮೇಲೆ ಕೊಟ್ಟರೆ, ಅದೂ ಊರಿನ ಬಹುಪಾಲು ವ್ಯಾಪಾರ ನಿಮ್ಮ ಕೈಯಲ್ಲೇ ಇರುವಾಗ, ಆಗ ತಕರಾರು. ಆದರೆ ನಿಮ್ಮ ಮಾತಿಗೂ ಬಲ ಇದೆ. ಆ ರಿಯಾಯಿತಿಯಿಂದ ಸ್ಪರ್ಧೆಗೆ ನಿಜವಾಗಿ ಪೆಟ್ಟು ಬಿತ್ತು ಎಂಬುದನ್ನು ಆಯೋಗ ಸರಿಯಾಗಿ ಸಾಬೀತು ಮಾಡಿಲ್ಲ ಎಂದು 2022ರಲ್ಲಿ ಯುರೋಪಿನ ನ್ಯಾಯಾಲಯ ದಂಡವನ್ನು ರದ್ದುಪಡಿಸಿತು. 2024ರ ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ‘ತಡಮಾಡಿ ತನ್ನಿ’ ಎಂದು ಕೊಟ್ಟ ಹಣದ ಭಾಗ ಮಾತ್ರ ಉಳಿದು, ಅದಕ್ಕೆ 2023ರಲ್ಲಿ 37.6 ಕೋಟಿ ಯೂರೊ ಹೊಸ ದಂಡ ಬಿದ್ದಿತು. ಎಎಂಡಿ ದೂರು ಕೊಟ್ಟದ್ದು 2000ದಲ್ಲಿ. ಅಷ್ಟರಲ್ಲಿ ಯಾವ ಚಿಪ್‌ಗಳ ಬಗ್ಗೆ ಜಗಳ ಆಗಿತ್ತೋ ಅವು ಗುಜರಿ ಸೇರಿದ್ದವು.

ಗಣಪತಿ ಗಲ್ಲಿ ಅಂಗಡಿಕಾರ

ಬೆಲೆಯ ಪ್ರಶ್ನೆಗೆ ಬರುತ್ತೇನೆ, ತಂಗಿ ಮೊದಲು ಕೇಳಿದ್ದು ಅದನ್ನೇ. 2011ರಲ್ಲಿ ಎಎಂಡಿ ತಂದ ಬುಲ್‌ಡೋಜರ್ ಚಿಪ್‌ಗಳು ನೆಲ ಕಚ್ಚಿದವು. ಎದುರಾಳಿ ಮಲಗಿದ ಆ ವರ್ಷಗಳಲ್ಲಿ ಏನಾಯಿತು ಗೊತ್ತೇ? ಸಾಮಾನ್ಯ ಡೆಸ್ಕ್‌ಟಾಪಿಗೆ ಇಂಟೆಲ್ ಕೊಟ್ಟದ್ದು ನಾಲ್ಕೇ ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ). 2017ರ ಜನವರಿಯಲ್ಲಿ ಬಂದ ಏಳನೇ ಪೀಳಿಗೆಯಲ್ಲೂ ನಾಲ್ಕೇ. ಎಂಟು ಕೋರಿನ ದುಬಾರಿ ಚಿಪ್ ಬೇಕಾದವರು ಸಾವಿರ ಡಾಲರ್ ದಾಟಬೇಕಿತ್ತು. ಅದೇ ಮಾರ್ಚ್‌ನಲ್ಲಿ ಎಎಂಡಿ ರೈಜೆನ್ ಬಂತು: ಎಂಟು ಕೋರ್, 499 ಡಾಲರ್. ಅಕ್ಟೋಬರಿನೊಳಗೆ ಇಂಟೆಲ್‌ನವರು ಹಳೆಯ ದರದ ಆಸುಪಾಸಿನಲ್ಲೇ ಆರು ಕೋರ್ ತಂದರು. ಆರು ಕೋರ್ ಮಾಡಲು ಅವರಿಗೆ ಬಾರದೆ ಇದ್ದುದಲ್ಲ, ಮಾಡುವ ಅಗತ್ಯ ಇರಲಿಲ್ಲ.

ಹಾಗೆಂದು ಎಎಂಡಿಯವರಿಗೆ ಹಾರ ಹಾಕಬೇಡ. 2019ರಲ್ಲಿ ಅವರ ಆರು ಕೋರಿನ 3600 ಚಿಪ್ 199 ಡಾಲರಿಗೆ ಬಂದಿತ್ತು. ಮರುವರ್ಷ ಅವರದೇ ಮೇಲುಗೈ ಆಯಿತು. ಹೊಸ ಪೀಳಿಗೆಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಎಂದು ಇಟ್ಟ 5600ಎಕ್ಸ್ 299 ಡಾಲರ್! ಮುಂದೆ ಹೋದವನು ದರ ಏರಿಸುತ್ತಾನೆ, ಹಿಂದೆ ಉಳಿದವನು ಇಳಿಸುತ್ತಾನೆ. ಕಂಪನಿಯ ಜಾತಕ ನೋಡಿ ಪ್ರೀತಿ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ನಮ್ಮ ದೇಶದ ಸಂಗತಿಯನ್ನೂ ಸೇರಿಸಿಕೋ. 2016ರಲ್ಲಿ ಇಂಟೆಲ್ ಭಾರತಕ್ಕೆಂದೇ ಒಂದು ವಾರಂಟಿ ನಿಯಮ ತಂದಿತು: ಡಬ್ಬಿಯಲ್ಲಿ ಬರುವ ಪ್ರೊಸೆಸರನ್ನು ಇಲ್ಲಿನ ಅಧಿಕೃತ ವಿತರಕರಿಂದ ಕೊಂಡಿದ್ದರೆ ಮಾತ್ರ ಇಲ್ಲಿ ವಾರಂಟಿ. ಬೇರೆ ದೇಶದ ಅಧಿಕೃತ ವಿತರಕರಿಂದ ಅಸಲಿ ಮಾಲನ್ನೇ ಅಗ್ಗವಾಗಿ ತರಿಸುತ್ತಿದ್ದ ಸಣ್ಣ ಆಮದುದಾರರಿಗೆ ಬಾಗಿಲು ಮುಚ್ಚಿದಂತಾಯಿತು. ಭಾರತೀಯ ಸ್ಪರ್ಧಾ ಆಯೋಗ 2019ರಲ್ಲಿ ಇದರ ತನಿಖೆಗೆ ಆದೇಶಿಸಿತು. ಹಿಡಿತ ಎಂದರೆ ದರ ಏರಿಸುವುದಷ್ಟೇ ಅಲ್ಲ, ವಾರಂಟಿ ಕಾರ್ಡಿನ ಸಣ್ಣ ಅಕ್ಷರದಲ್ಲೂ ಅದು ಇರುತ್ತದೆ.

ಗೋಲಗುಮ್ಮಟ ಮೊಬೈಲ್ ರಿಪೇರಿ, ವಿಜಯಪುರ

ಎಲ್ಲರೂ ಕಂಪ್ಯೂಟರಿನಲ್ಲೇ ನಿಂತಿದ್ದೀರಿ. ಮೊಬೈಲಿನ ಕಥೆ ಬೇರೆ. ಇಂದು ಯಾವ ಸ್ಮಾರ್ಟ್‌ಫೋನ್ ಬಿಚ್ಚಿದರೂ ಒಳಗೆ ಎಆರ್‌ಎಂ ವಿನ್ಯಾಸವೇ. ಬ್ರಿಟನ್ನಿನ ಆ ಕಂಪನಿ ಒಂದು ಚಿಪ್ಪನ್ನೂ ಮಾರದೆ ವಿನ್ಯಾಸದ ಪರವಾನಗಿ ಮಾರಿಯೇ ಬೆಳೆಯಿತು. ಪರವಾನಗಿ ಯಾರಿಗೆ ಬೇಕಾದರೂ ಸಿಗುತ್ತದೆ, ಆದ್ದರಿಂದ ಇಲ್ಲಿ ನಾಲ್ಕೈದು ಜನ ಪೈಪೋಟಿಗೆ ಇದ್ದಾರೆ: ಕ್ವಾಲ್ಕಾಮ್, ಮೀಡಿಯಾಟೆಕ್, ಯುನಿಸಾಕ್, ಸ್ಯಾಮ್‌ಸಂಗ್, ಆ್ಯಪಲ್.

ತೈವಾನಿನ ಮೀಡಿಯಾಟೆಕ್ ಹೇಗೆ ಮೇಲೆ ಬಂತು ಎಂಬುದನ್ನು ನಾನು ಮೇಜಿನ ಮೇಲೆಯೇ ಕಂಡಿದ್ದೇನೆ. 2008-09ರ ಸುಮಾರಿಗೆ ಇಲ್ಲೆಲ್ಲ ‘ಚೈನಾ ಸೆಟ್’ ಎಂದು ಬರುತ್ತಿದ್ದವು. ಎರಡು ಸಿಮ್, ಹಿಂಬದಿಯಲ್ಲಿ ಸಾಲು ಸ್ಪೀಕರ್, ಕೆಲವಕ್ಕೆ ಎಳೆದರೆ ಉದ್ದವಾಗುವ ಟಿವಿ ಆಂಟೆನಾ. ಹತ್ತು ಬೇರೆ ಬೇರೆ ಹೆಸರಿನ ಸೆಟ್ ಬಿಚ್ಚಿದರೆ ಒಳಗಿನ ಬೋರ್ಡಿನ ಮೇಲೆ ಹೆಚ್ಚಾಗಿ ‘ಎಂಟಿ62’ ಎಂದು ಶುರುವಾಗುವ ಅದೇ ನಂಬರಿನ ಚಿಪ್. ಮೀಡಿಯಾಟೆಕ್‌ನವರು ಚಿಪ್ ಒಂದನ್ನೇ ಮಾರಲಿಲ್ಲ. ಬೋರ್ಡಿನ ನಕ್ಷೆ, ಸಾಫ್ಟ್‌ವೇರ್ ಎಲ್ಲವನ್ನೂ ಕಟ್ಟಿಕೊಟ್ಟರು. ಚೀನಾದ ಶೆಂಜೆನ್ನಿನ ಸಣ್ಣ ಕಾರ್ಖಾನೆಯವನೂ ಡಬ್ಬಿ ಮತ್ತು ಬಟನ್ ಜೋಡಿಸಿ ಫೋನ್ ಕಂಪನಿ ಆಗಿಬಿಡುತ್ತಿದ್ದ. ಬಹಳಷ್ಟಕ್ಕೆ ಐಎಂಇಐ (ಪ್ರತಿ ಫೋನಿಗೂ ಇರಬೇಕಾದ ಗುರುತಿನ) ನಂಬರೇ ಇರಲಿಲ್ಲ. 2009ರ ಕೊನೆಯಲ್ಲಿ ಸರ್ಕಾರ ಅಂಥ ಫೋನ್‌ಗಳನ್ನು ಬಂದ್ ಮಾಡಿಸಿದಾಗ ನಮ್ಮ ಅಂಗಡಿಗಳ ಮುಂದೆ ಸಾಲು ನಿಂತಿತ್ತು. ಅಗ್ಗದ ಮಾಲು ಎಂದು ಜನ ನಕ್ಕಿದ್ದ ಆ ಮೀಡಿಯಾಟೆಕ್ 2020ರ ಮೂರನೇ ತ್ರೈಮಾಸಿಕದಲ್ಲಿ ಸ್ಮಾರ್ಟ್‌ಫೋನ್ ಚಿಪ್‌ಗಳ ಎಣಿಕೆಯಲ್ಲಿ ಕ್ವಾಲ್ಕಾಮನ್ನು ಹಿಂದಿಕ್ಕಿತು.

ಅಲ್ಲ ಮಾಸ್ತರರೇ, ಇಷ್ಟು ಪೈಪೋಟಿ ಇದ್ದರೂ ಮೇಲುದರ್ಜೆಯ ಫೋನ್ ಎಂದರೆ ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರಾಗನ್ ಚಿಪ್ ಎಂದೇ ಏಕೆ ಕೇಳುತ್ತಾರೆ?

ಜಮಖಂಡಿ ಹುಡುಗ, ಈಗ ಬೆಂಗಳೂರು

ಅಣ್ಣ, ಅದಕ್ಕೆ ನಾನು ಉತ್ತರ ಕೊಡುತ್ತೇನೆ. ಚಿಪ್ ವಿನ್ಯಾಸದ ಕಂಪನಿಯೊಂದರಲ್ಲಿ ಕೆಲಸ, ಹೆಸರು ಬೇಡ.

ಕ್ವಾಲ್ಕಾಮ್‌ನ ನಿಜವಾದ ಬಲ ಪ್ರೊಸೆಸರ್ ಅಲ್ಲ, ಮೋಡೆಮ್ (ಫೋನನ್ನು ಟವರಿಗೆ ಜೋಡಿಸುವ ಭಾಗ) ಮತ್ತು ಅದರ ಹಿಂದಿನ ಪೇಟೆಂಟ್‌ಗಳು. ಸಿಡಿಎಂಎ ಎಂಬ ಹಳೆಯ ಮೊಬೈಲ್ ಜಾಲದ ಕಾಲದಿಂದ ಕೂಡಿಟ್ಟ ಆಸ್ತಿ ಅದು. ಪೇಟೆಂಟಿನ ಪರವಾನಗಿಗೆ ಸಹಿ ಹಾಕದ ಕಂಪನಿಗೆ ಚಿಪ್ ಮಾರುವುದಿಲ್ಲ ಎಂಬುದು ಅವರ ಪದ್ಧತಿ. ಶುಲ್ಕವನ್ನು ಮೋಡೆಮ್ಮಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಬೇರೆಯವರ ಚಿಪ್ ಹಾಕಿದರೂ ಶುಲ್ಕ ತಪ್ಪುವುದಿಲ್ಲ. ಚೀನಾ 2015ರಲ್ಲಿ 97.5 ಕೋಟಿ ಡಾಲರ್ ದಂಡ ಹಾಕಿತು, ಮರುವರ್ಷ ದಕ್ಷಿಣ ಕೊರಿಯಾವೂ ಹಾಕಿತು. ಅಮೆರಿಕದಲ್ಲಿ 2019ರಲ್ಲಿ ಕೆಳ ನ್ಯಾಯಾಲಯ ತಪ್ಪು ಎಂದಿತು. 2020ರಲ್ಲಿ ಮೇಲಿನ ನ್ಯಾಯಾಲಯ ಇದು ಕಟುವಾದ ವ್ಯಾಪಾರವೇ ಹೊರತು ಅಕ್ರಮವಲ್ಲ ಎಂದು ಬಿಟ್ಟುಬಿಟ್ಟಿತು. ಒಂದೇ ಪದ್ಧತಿ, ದೇಶಕ್ಕೊಂದು ತೀರ್ಪು.

ಇದರಿಂದ ಬಿಡಿಸಿಕೊಳ್ಳಲು ಆ್ಯಪಲ್ ಪಟ್ಟ ಪಾಡು ನೋಡಿ. ಮೊದಲು ಇಂಟೆಲ್ ಮೋಡೆಮ್ ಹಾಕಿದರು. 2019ರ ಏಪ್ರಿಲ್‌ನಲ್ಲಿ ಕ್ವಾಲ್ಕಾಮ್ ಜೊತೆ ರಾಜಿಯಾದರು, ಅಂದೇ ಇಂಟೆಲ್ 5ಜಿ ಫೋನ್ ಮೋಡೆಮ್ ಕೈಬಿಟ್ಟಿತು. ಜುಲೈಯಲ್ಲಿ ಆ ವಿಭಾಗವನ್ನೇ ನೂರು ಕೋಟಿ ಡಾಲರಿಗೆ ಆ್ಯಪಲ್ ಕೊಂಡಿತು. ಸ್ವಂತ ಮೋಡೆಮ್ ಇರುವ ಮೊದಲ ಐಫೋನ್ ಬಂದದ್ದು 2025ರ ಫೆಬ್ರವರಿಯಲ್ಲಿ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದಕ್ಕೇ ಇಷ್ಟು ವರ್ಷ ಹಿಡಿದರೆ ಮಿಕ್ಕವರ ಪಾಡೇನು?

ಉದ್ಯಮಬಾಗ ಎರಕದವನು

ನೀವೆಲ್ಲ ವಿನ್ಯಾಸದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಎರಕ ಹೊಯ್ಯುವವನು, ಅಂದರೆ ಚಿಪ್ಪನ್ನು ಮಾಡಿಕೊಡುವವನು ಯಾರು? ನಾನು ಓದಿದ ಮಟ್ಟಿಗೆ ನನ್ನ ಕುತೂಹಲ ತೈವಾನಿನ ಟಿಎಸ್‌ಎಂಸಿ ಎಂಬ ಚಿಪ್ ತಯಾರಿಕೆಯ ಕಂಪನಿಯ ಮೇಲೆ. 1987ರಲ್ಲಿ ಮಾರಿಸ್ ಚಾಂಗ್ ಅದನ್ನು ಕಟ್ಟಿದಾಗ ಇಟ್ಟ ನಿಯಮ ನಮ್ಮದೇ: ಗಿರಾಕಿಯ ಡ್ರಾಯಿಂಗಿನಂತೆ ಮಾಡಿಕೊಡುವುದು, ತನ್ನ ಹೆಸರಿನ ಮಾಲು ಮಾಡದೆ ಇರುವುದು. ನಾನು ಪಂಪಿನ ಬಾಡಿ ಎರಕ ಹೊಯ್ದುಕೊಡುತ್ತೇನೆ. ನಾಳೆ ನಾನೇ ಪಂಪ್ ಮಾರಲು ನಿಂತರೆ ಯಾವ ಪಂಪ್ ಕಂಪನಿ ನನಗೆ ಪ್ಯಾಟರ್ನ್ (ಎರಕದ ಅಚ್ಚಿನ ಮಾದರಿ) ಕಳಿಸುತ್ತದೆ?

ನಮ್ಮಲ್ಲಿ ಹೊಸ ಪ್ಯಾಟರ್ನ್ ಬಂದಾಗ ಮೊದಲ ಲಾಟಿನಲ್ಲಿ ರಿಜೆಕ್ಷನ್ ಹೆಚ್ಚು, ಗಾಳಿಗುಳ್ಳೆ, ಬಿರುಕು. ಹೊಯ್ಯುತ್ತ ಹೊಯ್ಯುತ್ತ ಕೈ ಪಳಗುತ್ತದೆ. ಚಿಪ್ಪಿನಲ್ಲೂ ಹಾಗೆಯೇ ಇರಬೇಕು. ಜಗತ್ತಿನ ಫೋನ್‌ಗಳ ಕೆಲಸವೆಲ್ಲ ಟಿಎಸ್‌ಎಂಸಿಗೆ ಬಂದು ಅವರ ಕೈ ಪಳಗಿತು. ಇಂಟೆಲ್ ತನ್ನ ಮಾಲನ್ನು ಮಾತ್ರ ತಾನು ಮಾಡಿಕೊಳ್ಳುತ್ತ ಕೂತಿತು.

ಜಮಖಂಡಿ ಹುಡುಗ, ಈಗ ಬೆಂಗಳೂರು

ಸಾವುಕಾರರು ಸರಿಯಾಗಿಯೇ ಹಿಡಿದರು. ಇಂಟೆಲ್‌ನ 10 ನ್ಯಾನೊಮೀಟರ್ ತಂತ್ರಜ್ಞಾನ (ಅಂಕಿ ಚಿಕ್ಕದಾದಷ್ಟೂ ಹೊಸದು, ಸೂಕ್ಷ್ಮ) ವರ್ಷಗಟ್ಟಲೆ ತಡವಾಗಿ 2019ರಲ್ಲಿ ದೊಡ್ಡ ಪ್ರಮಾಣಕ್ಕೆ ಬಂತು. ಟಿಎಸ್‌ಎಂಸಿಯ 7 ನ್ಯಾನೊಮೀಟರ್ 2018ರಲ್ಲೇ ಐಫೋನಿನಲ್ಲಿತ್ತು. ಎಎಂಡಿ 2009ರಲ್ಲಿ ತನ್ನ ಕಾರ್ಖಾನೆಗಳನ್ನು ಕೈಬಿಟ್ಟಾಗ ದಿವಾಳಿಯ ಲಕ್ಷಣ ಎಂದು ಜನ ಆಡಿಕೊಂಡಿದ್ದರು. ಹತ್ತು ವರ್ಷದ ನಂತರ ಅದೇ ಅನುಕೂಲವಾಯಿತು: ಬೇರೆಯವರ ಕಾರ್ಖಾನೆಯಲ್ಲಿ ಒಳ್ಳೆಯದನ್ನು ಆರಿಸಿಕೊಂಡರು.

ಅದರ ಹಿಂದೆ ಇನ್ನೂ ಒಬ್ಬರಿದ್ದಾರೆ, ನೆದರ್ಲೆಂಡ್ಸಿನ ಎಎಸ್‌ಎಂಎಲ್. ಅತಿ ಸೂಕ್ಷ್ಮ ಗೆರೆ ಮೂಡಿಸುವ ಇಯುವಿ ಯಂತ್ರವನ್ನು ಜಗತ್ತಿನಲ್ಲಿ ಅವರೊಬ್ಬರೇ ಮಾರುತ್ತಾರೆ. ಕರಗಿದ ತವರದ ಹನಿಗಳು ಸೆಕೆಂಡಿಗೆ ಐವತ್ತು ಸಾವಿರದಂತೆ ಬೀಳುತ್ತಿರುತ್ತವೆ, ಪ್ರತಿ ಹನಿಗೂ ಲೇಸರ್ ಹೊಡೆದು 13.5 ನ್ಯಾನೊಮೀಟರಿನ ಬೆಳಕು ಎಬ್ಬಿಸುತ್ತಾರೆ. 2012ರಲ್ಲಿ ಈ ಯಂತ್ರದ ಸಂಶೋಧನೆಗೆ ಇಂಟೆಲ್, ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಮೂವರೂ ಹಣ ಹಾಕಿದರು, ಎಲ್ಲರಿಗಿಂತ ಹೆಚ್ಚು ಹಾಕಿದ್ದು ಇಂಟೆಲ್. ಎಲ್ಲರಿಗಿಂತ ತಡವಾಗಿ, 2023ರ ಕೊನೆಗೆ, ಅದರಿಂದ ಮಾಡಿದ ಚಿಪ್ಪನ್ನು ಮಾರುಕಟ್ಟೆಗೆ ತಂದದ್ದೂ ಇಂಟೆಲ್!

ಹೀಗೆ ಹೆಸರು ಹತ್ತು ಇದ್ದರೂ ಒಳಗೆ ಹೋದಂತೆ ದಾರಿ ಕಿರಿದಾಗುತ್ತದೆ. ಎಎಂಡಿ, ಆ್ಯಪಲ್, ಎನ್‌ವಿಡಿಯಾ, ಕ್ವಾಲ್ಕಾಮ್, ಮೀಡಿಯಾಟೆಕ್ ಎಲ್ಲರೂ ತಮ್ಮ ಮೇಲುದರ್ಜೆಯ ಚಿಪ್ಪಿಗಾಗಿ ನಿಲ್ಲುವುದು ಟಿಎಸ್‌ಎಂಸಿ ಎಂಬ ಒಂದೇ ಕಂಪನಿಯ ಮುಂದೆ. ನಾವು ವಿನ್ಯಾಸ ಬಿಡಿಸುವ ಸಾಫ್ಟ್‌ವೇರ್ ಕೂಡ ಮೂರು ಕಂಪನಿಗಳ ಕೈಯಲ್ಲಿದೆ: ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್.

ತಿಲಕವಾಡಿ ವಿದ್ಯಾರ್ಥಿನಿ

ವಿಜಯಪುರದ ಅಣ್ಣ, ಎಆರ್‌ಎಂ ಪರವಾನಗಿ ಎಲ್ಲರಿಗೂ ಸಿಗುತ್ತದೆ ಎಂದಿರಿ. ಆ ಕಂಪನಿಯನ್ನೇ ಯಾರಾದರೂ ಕೊಂಡುಬಿಟ್ಟರೆ?

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ

ಪ್ರಯತ್ನ ನಡೆಯಿತು. 2020ರಲ್ಲಿ ಎನ್‌ವಿಡಿಯಾ 4,000 ಕೋಟಿ ಡಾಲರಿಗೆ ಮಾತುಕತೆ ಮಾಡಿತ್ತು. ಎದುರಾಳಿಗಳೂ ನಿಯಂತ್ರಕರೂ ಅಡ್ಡ ನಿಂತರು, 2022ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಕಾನೂನು ಸಮಯಕ್ಕೆ ಸರಿಯಾಗಿ ಕೆಲಸ ಮಾಡಿದ ಅಪರೂಪದ ಉದಾಹರಣೆ ಇದು, ಮಾಡುವ ಮೊದಲೇ ತಡೆದದ್ದರಿಂದ.

ನಾನು ಓದುವಾಗ ನಮಗೆ ಇಂಟೆಲ್‌ನ 8085, 8086 ಚಿಪ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಈಗ ನಿಮ್ಮ ಬೆಳಗಾವಿ ಮಚ್ಛೆಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲೇ ಎಆರ್‌ಎಂ ಇದೆ, ಲ್ಯಾಬಿನ ಮೇಜಿನ ಮೇಲೂ ಅದರದೇ ಬೋರ್ಡ್. ಅದಕ್ಕೂ ಪರ್ಯಾಯ ಬೇಕೆಂದು ರಿಸ್ಕ್-ಫೈವ್ ಎಂಬ ಮುಕ್ತ (ಪರವಾನಗಿ ಶುಲ್ಕವಿಲ್ಲದ) ವಿನ್ಯಾಸ 2010ರಲ್ಲಿ ಬರ್ಕಲಿಯಲ್ಲಿ ಹುಟ್ಟಿತು. ಅದರ ಮೇಲೆ ಮದ್ರಾಸ್ ಐಐಟಿಯವರು ‘ಶಕ್ತಿ’ ಪ್ರೊಸೆಸರ್ ಕಟ್ಟಿದ್ದಾರೆ. ಅದರ ಒಂದು ಚಿಪ್ 2018ರಲ್ಲಿ ಇಂಟೆಲ್ ಕಾರ್ಖಾನೆಯಲ್ಲಿ ತಯಾರಾಯಿತು, ಇನ್ನೊಂದು ನಮ್ಮದೇ ಚಂಡೀಗಡದ ಘಟಕದಲ್ಲಿ.

ಉದ್ಯಮಬಾಗ ಎರಕದವನು

ಎಲ್ಲ ಸರಿ. ಐಬಿಎಂ ಮಾಡಿದಂತೆ ‘ಎರಡನೆಯವರು ಬೇಕು’ ಎಂದು ಹಟ ಹಿಡಿಯುವ ಗಿರಾಕಿ ಇಂದು ಎಲ್ಲಿದ್ದಾರೆ? ವಾಹನ ಕಂಪನಿಗಳು ಒಂದೇ ಎರಕಕ್ಕೆ ಎರಡು ಫೌಂಡ್ರಿ ಇಟ್ಟುಕೊಳ್ಳುತ್ತವೆ. ನನಗೆ ಸಿಟ್ಟು ಬರುತ್ತದೆ, ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಗಣಪತಿ ಗಲ್ಲಿ ಅಂಗಡಿಕಾರ

ಗಿರಾಕಿ ಇದ್ದಾರೆ: ಸರ್ಕಾರ, ಕಾಲೇಜು, ಬ್ಯಾಂಕು. ಆದರೆ ಟೆಂಡರಿನಲ್ಲಿ ಅವರೇ ಕಂಪನಿಯ ಹೆಸರು ಬರೆದುಬಿಡುತ್ತಾರೆ. ಹೋದ ವರ್ಷ ಒಂದು ಸಂಸ್ಥೆಯ ಟೆಂಡರ್ ನೋಡಿದೆ. ಪ್ರೊಸೆಸರ್ ಎಂಬ ಕಾಲಮಿನಲ್ಲಿ ಕಂಪನಿಯ ಹೆಸರು, ಮಾದರಿ ಎಲ್ಲವೂ ಇತ್ತು. ‘ಅಥವಾ ಸಮಾನ’ ಎಂಬ ಎರಡು ಪದ ಇರಲಿಲ್ಲ. ಅಲ್ಲಿಗೆ ಪೈಪೋಟಿ ಮುಗಿಯಿತು. ದರ ಕೇಳುವ ಮೊದಲೇ ಉತ್ತರ ಬರೆದಾಗಿದೆ.

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ

ಯುರೋಪಿನಲ್ಲೂ ಇದೇ ಆಗಿತ್ತು. ಜರ್ಮನಿ, ಇಟಲಿಯ ಸರ್ಕಾರಿ ಟೆಂಡರುಗಳಲ್ಲಿ ‘ಇಂಟೆಲ್’ ಎಂದೇ ಬರೆಯುತ್ತಿದ್ದರೆಂದು ಯುರೋಪಿಯನ್ ಆಯೋಗ 2004ರಲ್ಲಿ ವಿವರಣೆ ಕೇಳಿತು. ಮುಂದಿನ ತಿಂಗಳು ನಮ್ಮ ವಿಭಾಗದ ಲ್ಯಾಬಿಗೆ ಕಂಪ್ಯೂಟರ್ ಕೊಳ್ಳುವುದಿದೆ, ವಿವರಪಟ್ಟಿ ಬರೆಯುವವನು ನಾನೇ. ಹೆಸರು ಬಿಟ್ಟು ಏನು ಬರೆಯಲಿ? ಇಷ್ಟು ಗಿಗಾಹರ್ಟ್ಸ್, ಇಷ್ಟು ಕೋರ್ ಎಂದರೆ ಸಾಕೇ?

ಗಣಪತಿ ಗಲ್ಲಿ ಅಂಗಡಿಕಾರ

ಗಿಗಾಹರ್ಟ್ಸ್ ಖಂಡಿತ ಬರೆಯಬೇಡಿ ಮಾಸ್ತರರೇ. ಪೆಂಟಿಯಂ 4 ಕಾಲದಲ್ಲಿ ಎಲ್ಲರೂ ಮೋಸ ಹೋದದ್ದು ಅದರಿಂದಲೇ. ಅಂಕಿ ದೊಡ್ಡದು, ಕೆಲಸ ಅಷ್ಟಕ್ಕಷ್ಟೆ. ಎಲ್ಲರೂ ಒಪ್ಪುವ ಒಂದು ಪರೀಕ್ಷೆಯ ಅಂಕ ಕನಿಷ್ಠ ಇಷ್ಟಿರಬೇಕು ಎಂದು ಬರೆಯಿರಿ. 16 ಜಿಬಿ ಮೆಮೊರಿ, ಎರಡು ಸ್ಲಾಟ್, ಒಂದು ಖಾಲಿ ಇರಲಿ. ಪ್ರೊಸೆಸರ್ ಮಾರುಕಟ್ಟೆಗೆ ಬಂದು ಎರಡು ವರ್ಷ ಮೀರಿರಬಾರದು ಎಂಬ ಸಾಲನ್ನು ಮಾತ್ರ ಬಿಡಬೇಡಿ. ಬಿಟ್ಟರೆ ನನ್ನಂಥವರೇ ಗೋದಾಮಿನಲ್ಲಿ ಉಳಿದ ಹಳೆಯ ಪೀಳಿಗೆಯನ್ನು ತಂದು ತಳ್ಳುತ್ತೇವೆ.